ಗಂಗಾಮಣಿ ಬರೆದ ಬೋರಯ್ಯ

ಮಗ್ಗೆಯ ಗಂಗಾಮಣಿಗೆ ಅಕ್ಷರ ಬಂದದ್ದು ನಲವತ್ತು ದಾಟಿದ ಮೇಲೆ. ಸಾಕ್ಷರತಾ ಆಂದೋಲನದವರು ಊರ ಶಾಲೆಯಲ್ಲಿ ಸಂಜೆ ತರಗತಿ ನಡೆಸಿದಾಗ, ಕಾಫಿ ತೋಟದ ಕೆಲಸ ಮುಗಿಸಿ ಕೈಕಾಲು ತೊಳೆದುಕೊಂಡು ಹೋಗಿ ಕೂರುತ್ತಿದ್ದಳು. ಅ ಆ ಇ ಈ ಬಂತು, ಕಾಗುಣಿತವೂ ತಕ್ಕಮಟ್ಟಿಗೆ ಬಂತು. ಒತ್ತಕ್ಷರ ಮಾತ್ರ ಬರಲೇ ಇಲ್ಲ. ಒಂದು ಅಕ್ಷರದ ಕಾಲಡಿ ಇನ್ನೊಂದನ್ನು ಕೂರಿಸುವಷ್ಟರಲ್ಲಿ ಬರೆಯಹೊರಟ ಮಾತೇ ಮರೆತುಹೋಗುತ್ತಿತ್ತು. ತರಗತಿ ಮುಗಿಯಿತು, ಅವಳ ಓದುಬರಹವೂ ಅಲ್ಲಿಗೇ ನಿಂತಿತು.

ಮತ್ತೆ ಪೆನ್ನು ಹಿಡಿದದ್ದು ೧೯೯೬ರಲ್ಲಿ, ಮಗಳು ಮಧುಶ್ರೀ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಾಗ. ಒಂದು ದಿನ ಸೊಪ್ಪು ಬಿಡಿಸುತ್ತಾ ಕೂತಿದ್ದ ಮಗಳು ಕೇಳಿದಳು: "ಅವ್ವ, ಅಪ್ಪ ಹೆಂಗಿದ್ದ? ಹುಟ್ಟೋ ಕೂಸು ನಾಳೆ ಕೇಳಿದ್ರೆ ನಾನೇನ್ ಹೇಳ್ಲಿ?"

ಬೋರಯ್ಯನ ಒಂದು ಫೋಟೊ ಕೂಡ ಮನೆಯಲ್ಲಿರಲಿಲ್ಲ. ಎಡಕುಮೇರಿ ಕಡೆಯ ಘಾಟಿಯಲ್ಲಿ ರೈಲು ದಾರಿ ಕಡಿಯುತ್ತಿದ್ದ ಕಾಲದಲ್ಲಿ ಗಂಡ ಹೆಂಡತಿ ಇಬ್ಬರೂ ಅಲ್ಲಿ ಕಲ್ಲು ಮಣ್ಣು ಹೊತ್ತವರು. ಮಧುಶ್ರೀಗೆ ನಾಲ್ಕು ತಿಂಗಳಾಗಿದ್ದಾಗ ಅವನು ತೀರಿಕೊಂಡ. ಜ್ವರ ಬಂದು ಹೋದ ಎಂದು ಗಂಗಾಮಣಿ ಮಗಳಿಗೆ ಹೇಳಿದ್ದಳು. ಅದು ನಿಜವಾಗಿರಲಿಲ್ಲ. ನಿಜ ಹೇಳಬೇಕೆಂದು ಇಪ್ಪತ್ತೈದು ವರ್ಷಗಳಲ್ಲಿ ಎಷ್ಟೋ ಸಲ ಬಾಯಿ ತೆರೆದಿದ್ದಳು. ತೆರೆದಾಗಲೆಲ್ಲ ಹಾಗೇ ಎದ್ದು ಒಲೆಯ ಮುಂದೆ ಹೋಗಿ ಕೂರುತ್ತಿದ್ದಳು. ಆವತ್ತೂ ಹಾಗೇ ಆಯಿತು.

ಮಾರನೆಯ ದಿನ ಶಾಲೆಯ ನೇತ್ರಾವತಿ ಮೇಡಮ್ಮನ್ನು ಹುಡುಕಿಕೊಂಡು ಹೋದಳು. ಸಂಜೆ ತರಗತಿಯಲ್ಲಿ ಅವಳ ಕೈ ಹಿಡಿದು ತಿದ್ದಿಸಿದವರು ಅವರೇ.

"ಒತ್ತು ಬರ್ದೇ ಇರೋರು ಏನಾರ ಬರೀಬಹುದಾ ಮೇಡಮ್ನೋರೆ?"

"ನಿಮ್ಗೆ ಹೆಂಗ್ ಬರುತ್ತೋ ಹಂಗೇ ಬರೀರಿ ಗಂಗಮ್ಮ. ಒತ್ತು ಓದೋರು ಹಾಕ್ಕೊಳ್ತಾರೆ."

ಅಂದೇ ಒಂದು ನೋಟ್‌ಬುಕ್ ತಂದಳು. ಮಧ್ಯಾಹ್ನ ಮಗಳು ಮಲಗಿದಾಗ ಹಿತ್ತಲ ಕಟ್ಟೆಯ ಮೇಲೆ ಕೂತು, ಮೊರವನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು, ಅದರ ಮೇಲೆ ಪುಸ್ತಕ ಇಟ್ಟು ಬರೆದಳು. ಮೊದಲ ದಿನ ಆದದ್ದು ಇಷ್ಟು: 'ನಿಮ ಅಪ ಬೋರಯ. ಎತರದ ಆಳು. ನಗುವಾಗ ಬಾಯಿಗೆ ಕಯಿ ಅಡ ಇಡೋನು.'

ಇಷ್ಟಕ್ಕೇ ಹಣೆ ಬೆವರಿತ್ತು. ಮಣಗಟ್ಟಲೆ ಕಲ್ಲು ಹೊತ್ತಾಗಲೂ ಹೆಗಲು ಇಷ್ಟು ನೊಂದಿರಲಿಲ್ಲ. ಆದರೂ ಬರೆದದ್ದನ್ನು ನೋಡಿದಳು. ಇಷ್ಟು ವರ್ಷ ಅವಳ ಕಣ್ಣಿಗೆ ಮಾತ್ರ ಕಾಣುತ್ತಿದ್ದ ನಗು, ಗೆರೆ ಹಾಕಿದ ಹಾಳೆಯ ಮೇಲೆ ಕೂತಿತ್ತು.

ಆಮೇಲೆ ದಿನಕ್ಕೆ ಎರಡು ಸಾಲು, ಮೂರು ಸಾಲು. ಕೈ ಸೋತ ದಿನ ಒಂದೇ ಪದ. ಸುರಂಗದೊಳಗೆ ಬಂಡೆಯಿಂದ ತೊಟ್ಟಿಕ್ಕುವ ನೀರನ್ನು ಬೋರಯ್ಯ ಬೊಗಸೆಯಲ್ಲಿ ಹಿಡಿದು ಕುಡಿಸಿದ್ದು. ಬಿಸಿಲೆ ಕಡೆಯ ಕಾಡಿನಿಂದ ಆನೆ ಬಂದಾಗ ಗುಡಿಸಲಿನವರೆಲ್ಲ ಅರೆಬರೆ ಕಡಿದ ಸುರಂಗದಲ್ಲಿ ಬೆಳಗಿನವರೆಗೆ ನಿಂತಿದ್ದು. ಒಂದನ್ನು ಬರೆದರೆ ಅದರ ಹಿಂದೆ ಇನ್ನೊಂದು ಕಾದು ನಿಂತಿರುತ್ತಿತ್ತು. ತನ್ನೊಳಗೆ ಇಷ್ಟೆಲ್ಲ ಇತ್ತೆಂದು ಗಂಗಾಮಣಿಗೇ ಗೊತ್ತಿರಲಿಲ್ಲ.

ಹೆಣ್ಣು ಮಗು ಹುಟ್ಟಿತು. ಚೈತ್ರಶ್ರೀ ಎಂದು ಹೆಸರಿಡುವುದೆಂದಾಯಿತು. ತಿಂಗಳು ತುಂಬಿದ ದಿನ, ತಾಯಿ ಮಗುವಿಗೆ ನೀರು ಹಾಕಿ, ಕೂಸನ್ನು ತೊಟ್ಟಿಲಿಗೆ ಹಾಕಿದ ಮೇಲೆ ಗಂಗಾಮಣಿ ಪುಸ್ತಕ ತಂದು ಮಗಳ ಕೈಗಿಟ್ಟಳು.

"ಓದು. ಗಟ್ಟಿಯಾಗೇ ಓದು. ಬರೆದಿದ್ದು ಸರಿ ಐತೋ ಇಲ್ವೋ ಕೇಳ್ತೀನಿ."

ಹೇಳಿ ಬಾಗಿಲ ಕಡೆ ಮುಖ ಮಾಡಿ ಕೂತಳು. ಮಧುಶ್ರೀ ಮೊದಲ ಸಾಲಿನಲ್ಲೇ ತಡವರಿಸಿದಳು. ಆಮೇಲೆ ಅರ್ಥವಾಗಿ, ಬಿಟ್ಟುಹೋದ ಒತ್ತುಗಳನ್ನು ನಾಲಿಗೆಯಲ್ಲೇ ಹಾಕಿಕೊಳ್ಳುತ್ತಾ ಓದಿದಳು: "ನಿಮ್ಮ ಅಪ್ಪ ಬೋರಯ್ಯ. ಎತ್ತರದ ಆಳು..."

ಆನೆಯ ಪ್ರಸಂಗಕ್ಕೆ ನಕ್ಕಳು. ಹಾಳೆ ತಿರುವಿದಳು. ದನಿ ನಿಧಾನವಾಯಿತು.

"ಮಳೆ ಹನ್ನೊಂದು ದಿನದಿಂದ ಬಿಟ್ಟಿರಲಿಲ್ಲ. ಗುಡ್ಡದ ಮೇಲಿಂದ ಕೆಂಪು ನೀರು ಬಂತು. ನಿಮ್ಮ ಅಪ್ಪ ನಿನ್ನನ್ನ ಕಂಬಳಿಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟ. ಗಂಗಾ, ಕೂಸು ಹಿಡ್ಕೊ. ಏರಿ ಹತ್ತು. ಹಿಂದಕ್ಕೆ ನೋಡಬೇಡ. ನಾನು ಮಾದೇವಮ್ಮನ ಕರ್ಕೊಂಡು ಬರ್ತೀನಿ."

ಗಂಗಾಮಣಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಅದೇ ಮಾತು, ಅದೇ ಅವಸರ, 'ಗಂಗಾ' ಎನ್ನುವಾಗಿನ ಅದೇ ಎಳೆತ. ಅಪ್ಪನ ದನಿಯ ನೆನಪೇ ಇಲ್ಲದ ಮಗಳ ಬಾಯಲ್ಲಿ ಬೋರಯ್ಯ ಮಾತಾಡಿದ್ದ. ಮೊರದ ಮೇಲೆ ಒಂದೊಂದೇ ಅಕ್ಷರ ಕೂಡಿಸಿ ಬರೆಯುವಾಗ ಇಂಥದ್ದು ಆದೀತೆಂದು ಅವಳಿಗೆ ಹೊಳೆದಿರಲಿಲ್ಲ.

ಮಧುಶ್ರೀ ಮುಂದೆ ಓದಿದಳು. ಪಕ್ಕದ ಗುಡಿಸಲಿನ, ಕಾಲು ಸರಿಯಿಲ್ಲದ ಮಾದೇವಮ್ಮನನ್ನು ಬೋರಯ್ಯ ಬೆನ್ನ ಮೇಲೆ ಹೊತ್ತು ತಂದು ರೈಲು ದಾರಿಯ ಏರಿಯ ಮೇಲಕ್ಕೆ ದೂಡಿದ. ತಾನು ಹತ್ತುವಷ್ಟರಲ್ಲಿ ಗುಡ್ಡ ಜರಿಯಿತು. ಮೂರನೆಯ ದಿನ ಅವನು ಸಿಕ್ಕ.

ಪುಸ್ತಕ ಮಡಿಲಿಗೆ ಜಾರಿತು. "ಮಾದೇವಮ್ಮ ಅಂದ್ರೆ ನಮ್ಮಜ್ಜಿನಾ ಅವ್ವ?"

ಬೋರಯ್ಯ ಹೋದ ಮೇಲೆ, ನೀನು ತೋಟಕ್ಕೆ ಹೋದಾಗ ಕೂಸನ್ನು ನಾನು ನೋಡಿಕೊಳ್ಳುತ್ತೇನೆಂದು ಗಂಗಾಮಣಿಯ ಜೊತೆಯಲ್ಲೇ ಮಗ್ಗೆಗೆ ಬಂದು, ಸಾಯುವವರೆಗೂ ಇದೇ ಮನೆಯಲ್ಲಿದ್ದ ಮುದುಕಿ ಆಕೆ. ಅಪ್ಪನ ಕಡೆಯ ನೆಂಟಳೆಂದೇ ಮಧುಶ್ರೀ ತಿಳಿದಿದ್ದಳು.

"ಹೂಂ ಕಣವ್ವ. ಅವ್ಳೇ."

"ಜ್ವರ ಅಂದಿದ್ದೆ."

"ಹೇಳೋಕ್ ಹೋದ್ರೆ ಬಾಯಿಗೇ ಬರ್ತಿರ್ಲಿಲ್ಲ. ಬರ್ಯೋಕ್ ಕೂತ್ಮೇಲೆ ಕೈ ಹೇಳ್ತಾ ಹೋಯ್ತು."

ಮಧುಶ್ರೀ ಎದ್ದು ಬಂದು ಅವ್ವನ ಬೆನ್ನಿಗೆ ಮುಖವಿಟ್ಟಳು. ಆಮೇಲೆ ಮಗಳು ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಓದ್ಲಾ?" ಎಂದಳು. ಗಂಗಾಮಣಿ ಹೂಂ ಎಂದು ತಲೆಯಾಡಿಸಿದಳು.

ಸುದ್ದಿ ಹೇಗೋ ಹರಡಿತು. ಚೈತ್ರಶ್ರೀ ಅಂಬೆಗಾಲಿಡುವ ಹೊತ್ತಿಗೆ, ಘಾಟಿಯಲ್ಲಿ ಗಂಡ ಹೆಂಡತಿಯ ಜೊತೆ ಕಲ್ಲು ಹೊತ್ತಿದ್ದ ಕುಳ್ಳಯ್ಯ ಸಕಲೇಶಪುರದಿಂದ ಬಸ್ಸು ಹಿಡಿದು ಬಂದ. ಅವನಿಗೆ ಓದು ಬರದು. ಮಧುಶ್ರೀ ಓದಿ ಹೇಳಿದ್ದನ್ನು ಟವೆಲ್ಲು ಬಾಯಿಗೆ ಒತ್ತಿಕೊಂಡು ಕೇಳಿದ.

"ಅಂಗೇ ಅಂದಿದ್ದು ಅವ್ನು. ನಾನು ಏರಿ ಮೇಲೇ ಇದ್ದೆ, ನನ್ ಕಿವಿಯಾರೆ ಕೇಳಿವ್ನಿ," ಎಂದ. ಆಮೇಲೆ ಸಂಕೋಚದಿಂದಲೇ ಕೇಳಿದ: "ನಂದೂ ಒಂದ್ ಬರ್ಕೊಡ್ತೀಯೇನವ್ವ? ನನ್ ಮೊಮ್ಮಕ್ಳಿಗೆ ನಾನು ಏನ್ ಮಾಡ್ದೆ ಅಂತ್ಲೇ ಗೊತ್ತಿಲ್ಲ."

ಗಂಗಾಮಣಿ ಬೆರಗಿನಿಂದ ಅವನನ್ನೇ ನೋಡಿದಳು. ಬರೆದುಕೊಡು ಎಂದು ಅವಳನ್ನು ಈ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ಒಳಗೆ ಹೋಗಿ ಹೊಸ ಪುಸ್ತಕ ತಂದು, ಅವನೆದುರು ಕೂತು ಪೆನ್ನಿನ ಮುಚ್ಚಳ ತೆಗೆದಳು.

"ಮೆಲ್ಲುಕ್ಕೆ ಹೇಳಣ್ಣ," ಎಂದಳು. "ನಾನು ನಿಧಾನ."