ಪಾರ್ಸೆಲ್ ಹತ್ತು ನಿಮಿಷ

ಮಗಳು ಒಂಬತ್ತನೇ ಕ್ಲಾಸಿಗೆ ಬಂದ ವರ್ಷ ನಮ್ಮ ಮನೆಯಲ್ಲಿ ಒಂದೇ ವಿಷಯಕ್ಕೆ ದಿನವೂ ಜಗಳ. ನಮ್ಮ ಮನೆ, ಹೋಟೆಲು ಎರಡೂ ನವಿ ಮುಂಬಯಿಯ ಐರೋಲಿಯಲ್ಲಿ, ಅವಳ ಶಾಲೆ ಸಾನಪಾಡಾದಲ್ಲಿ. ಅಷ್ಟು ವರ್ಷ ಶಾಲೆಯ ವ್ಯಾನಿನಲ್ಲಿ ಹೋಗಿ ಬರುತ್ತಿದ್ದವಳು ಇನ್ನು ಟ್ರೇನಿನಲ್ಲಿ ಬರುತ್ತೇನೆಂದು ಹಟ ಹಿಡಿದಳು. ಕಾರಣ ಖೋಖೋ. ಶಾಲೆ ಬಿಟ್ಟ ಕೂಡಲೇ ಪ್ರಾಕ್ಟೀಸು ಶುರು, ವ್ಯಾನು ಹೊರಡುವುದೂ ಆಗಲೇ. ವ್ಯಾನು ಹಿಡಿದರೆ ಖೋಖೋ ಬಿಡಬೇಕು.

ಗಿರಾಕಿಗಳ ಎದುರು ನನ್ನದು ದೊಡ್ಡ ಗಂಟಲು. ಮಗಳ ವಿಷಯಕ್ಕೆ ಬಂದರೆ ನಾನು ಪುಕ್ಕಲ. ಸಂಜೆಯ ಟ್ರೇನಿನ ನೂಕುನುಗ್ಗಲಿಗೆ ಅವಳನ್ನು ಬಿಡುವ ಧೈರ್ಯವಿರಲಿಲ್ಲ. ಕೊನೆಗೆ ಹೆಂಡತಿ, "ನಾವೇ ಇಲ್ಲಿಗೆ ಬಂದಾಗ ಯಾರು ಕೈ ಹಿಡ್ಕೊಂಡು ಟ್ರೇನು ಹತ್ತಿಸಿದ್ರು ಮಾರಾಯ್ರೆ?" ಎಂದು ಕೇಳಿದಳು. ಒಪ್ಪಿದೆ. ಆದರೆ ಷರತ್ತು ಹಾಕದೆ ಬಿಡಲಿಲ್ಲ. ಹೆಂಗಸರ ಡಬ್ಬಿಯನ್ನೇ ಹತ್ತಬೇಕು, ಪಕ್ಕದ ಸ್ಟೇಷನ್ ರಬಾಳೆಯ ಗೆಳತಿಯರಿಬ್ಬರ ಜೊತೆಗೇ ಬರಬೇಕು, ಇಳಿದವಳು ನೇರ ಹೋಟೆಲಿಗೆ ಬರಬೇಕು. ಎಲ್ಲಕ್ಕಿಂತ ಮುಖ್ಯ, ಶಾಲೆಯಲ್ಲಿ ಮೊಬೈಲು ಬಿಡುವುದಿಲ್ಲವಾದ್ದರಿಂದ, ಹೊರಡುವ ಮೊದಲು ಆಟದ ಟೀಚರ್ ಫೋನಿನಿಂದ ನನಗೊಂದು ಫೋನು. ಒಂದು ದಿನ ಫೋನು ತಪ್ಪಿದರೂ ಮಾರನೆಯ ದಿನದಿಂದ ವ್ಯಾನು ಎಂದೆ. ಅವಳು ಕನ್ನಡದಲ್ಲಿ ಕೇಳಿಸಿಕೊಂಡು ಹಿಂದಿಯಲ್ಲಿ "ಡನ್ ಪಪ್ಪಾ" ಎಂದಳು. ಅದು ಹಿಂದಿ ಹೇಗಾಯಿತೆಂದು ನನ್ನನ್ನು ಕೇಳಬೇಡಿ, ಅವಳ ಮಟ್ಟಿಗೆ ಹಿಂದಿಯೇ.

ಫೋನು ಮಾಡಲು ನಾನು ಕೊಟ್ಟಿದ್ದು ಹೋಟೆಲಿನ ಮೊಬೈಲ್ ನಂಬರು. ನನ್ನ ಸ್ವಂತ ಮೊಬೈಲು ಅಂಗಿಯ ಕಿಸೆಯಲ್ಲಿ ಎಷ್ಟೋ ಸಲ ಸತ್ತು ಮಲಗಿರುತ್ತದೆ. ಹೋಟೆಲಿನದು ಹಾಗಲ್ಲ, ಗಲ್ಲಾದ ಮೇಲೆ ನನ್ನ ಕೈಗೆ ಸಿಗುವಂತೆಯೇ ಇರುತ್ತದೆ, ಬಂದ ಒಂದು ಫೋನನ್ನೂ ನಾನು ಬಿಟ್ಟವನಲ್ಲ. ದಿನಾ ಐದು ಗಂಟೆಗೆ ಫೋನು ಬರುತ್ತಿತ್ತು, "ಹೊರಟೆ" ಎನ್ನುತ್ತಿದ್ದಳು, ಮುಕ್ಕಾಲು ಗಂಟೆಯಲ್ಲಿ ಬ್ಯಾಗು ಎಸೆದು ಬನ್ಸ್ ತಿನ್ನುತ್ತ ಕೂತಿರುತ್ತಿದ್ದಳು. ಎರಡು ತಿಂಗಳು ಎಲ್ಲ ಸಸೂತ್ರವಾಗಿ ನಡೆಯಿತು.

ಆ ದಿನ ಐದು ಗಂಟೆಗೆ ಫೋನು ಬರಲಿಲ್ಲ. ಐದೂವರೆಗೆ ಆಫೀಸುಗಳು ಬಿಟ್ಟವು. ನಮ್ಮ ಸುತ್ತ ಇರುವುದೆಲ್ಲ ಕಂಪ್ಯೂಟರ್ ಕಂಪನಿಗಳು, ಆ ಒಂದು ತಾಸು ದೋಸೆಕಲ್ಲಿಗೂ ನನಗೂ ಉಸಿರಾಡಲು ಬಿಡುವಿರುವುದಿಲ್ಲ. ಆರು ಗಂಟೆಯಾಯಿತು, ಮಗಳಿಲ್ಲ. ಆರೂವರೆಯಾಯಿತು. ಟೀಚರ್ ನಂಬರು ಹುಡುಕಬೇಕೆಂದು ಗಾಬರಿಯಲ್ಲಿ ಹೊಳೆಯಲೇ ಇಲ್ಲ, ಶಾಲೆಯ ಆಫೀಸಿಗೆ ಫೋನು ಹಚ್ಚಿದೆ, ಯಾರೂ ಎತ್ತಲಿಲ್ಲ. ಹೆಂಡತಿಯನ್ನು ಕರೆಸಿ ಗಲ್ಲಾದಲ್ಲಿ ಕೂರಿಸಿ ಸ್ಟೇಷನ್ನಿಗೆ ಓಡಿದೆ.

ಪ್ಲಾಟ್‌ಫಾರ್ಮಿಗೆ ಬಂದ ಮೊದಲ ಟ್ರೇನು ಹತ್ತಿದೆ. ಟ್ರೇನು ಎಲ್ಲಿಗೆಂದು ತೋರಿಸುವ ಇಂಡಿಕೇಟರ್ ನೋಡದೆ ಹತ್ತಬೇಡ ಎಂದು ಮಗಳಿಗೆ ನೂರು ಸಲ ಹೇಳಿದವನು ನಾನು. ತುರ್ಭೆ ದಾಟಿದ ಮೇಲೆ ವಾಶಿಯ ಟ್ರೇನು ಸಾನಪಾಡಾಕ್ಕೆ ಹೋಗುತ್ತದೆ, ಪನವೇಲದ್ದು ಬೇರೆ ದಾರಿ ಹಿಡಿಯುತ್ತದೆ. ನಾನು ಹತ್ತಿದ್ದು ಪನವೇಲದ್ದು. ಜುಯಿನಗರದಲ್ಲಿ ಇಳಿದು ಬೆಪ್ಪನಂತೆ ನಿಂತಿದ್ದಾಗ ಹೆಂಡತಿಯ ಫೋನು ಬಂತು.

"ಬಂದಿದ್ದಾಳೆ. ಬನ್ಸ್ ತಿಂತಾ ಇದ್ದಾಳೆ. ನೀವೆಲ್ಲಿ?"

ಎಲ್ಲಿದ್ದೇನೆಂದು ಹೇಳಲಿಲ್ಲ.

ವಾಪಸು ಬರುವಷ್ಟರಲ್ಲಿ ಹೆದರಿಕೆಯೆಲ್ಲ ಸಿಟ್ಟಾಗಿತ್ತು. ತುಂಬಿದ ಹೋಟೆಲಿನಲ್ಲಿ, ಅಷ್ಟು ಜನರ ಎದುರು, ಮಗಳನ್ನು ತರಾಟೆಗೆ ತೆಗೆದುಕೊಂಡೆ.

"ಒಂದು ಫೋನು ಮಾಡ್ಲಿಕ್ಕೆ ಎಂತ ಆಗಿತ್ತು ನಿಂಗೆ?"

"ತೀನ್ ಬಾರ್ ಕಿಯಾ, ಪಪ್ಪಾ," ಎಂದಳು. ಮೂರು ಸಲವಂತೆ!

"ಸುಳ್ಳು ಬೇರೆ ಹೇಳ್ತೀಯಾ? ನಾನು ಇಲ್ಲೇ ಕೂತಿದ್ದೆ. ನಾಳೆಯಿಂದ ವ್ಯಾನು. ಖೋಖೋ ಸಾಕು."

ಅವಳು ಅರ್ಧ ಬನ್ಸ್ ತಟ್ಟೆಯಲ್ಲೇ ಬಿಟ್ಟು ತಾಯಿಯ ಜೊತೆ ಮನೆಗೆ ನಡೆದಳು. ಶಿಸ್ತು ಕಲಿಸಿದೆನೆಂಬ ಗತ್ತಿನಲ್ಲಿ ನಾನು ಗಲ್ಲಾದಲ್ಲಿ ಕೂತೆ.

ಸ್ವಲ್ಪ ಹೊತ್ತಿಗೆ ಕಿಸೆಯ ಮೊಬೈಲಿಗೆ ಶಾಲೆಯ ಪಾಲಕರ ಗ್ರೂಪಿನಿಂದ ಒಂದು ಫೋಟೋ ಬಂತು. ಜಿಲ್ಲಾ ಮಟ್ಟದ ಖೋಖೋ ತಂಡಕ್ಕೆ ನಮ್ಮ ಶಾಲೆಯಿಂದ ಒಬ್ಬಳೇ ಆಯ್ಕೆ. ಮಂಡಿಯ ತುಂಬ ಮಣ್ಣು ಮೆತ್ತಿಕೊಂಡು, ಹಲ್ಲೆಲ್ಲ ಕಾಣುವಂತೆ ನಗುತ್ತ ನಿಂತಿದ್ದವಳು ನನ್ನ ಮಗಳು. ಆಯ್ಕೆ ಮುಗಿಯುವುದು ತಡವಾಯಿತು, ಮಕ್ಕಳೇ ಮನೆಗೆ ತಿಳಿಸಿದ್ದಾರೆ ಎಂದು ಟೀಚರ್ ಕೆಳಗೆ ಬರೆದಿದ್ದರು.

ತಿಳಿಸಿದ್ದಾರೆಯೇ? ಹೋಟೆಲಿನ ಮೊಬೈಲು ತೆಗೆದು ನೋಡಿದೆ. ಐದೂವರೆಯಿಂದ ಆರರೊಳಗೆ ಟೀಚರ್ ನಂಬರಿನಿಂದ ಮೂರು ಫೋನು. ಮೂರನ್ನೂ ಎತ್ತಲಾಗಿತ್ತು. ಒಂದೊಂದೂ ನಾಲ್ಕು ಸೆಕೆಂಡು.

ಆಗ ಹೊಳೆಯಿತು. ಸಂಜೆಯ ಆ ತಾಸಿನಲ್ಲಿ ಆರ್ಡರೆಲ್ಲ ಮೆಸೇಜಿನಲ್ಲಿ ಬರುತ್ತದೆ, ಫೋನು ಬಂದರೆ ಅದು ತಿಂಡಿ ರೆಡಿಯಾಯಿತೇ ಎಂದು ಅವಸರ ಮಾಡುವವರದು. ಯಾರು ಏನು ಎಂದು ನೋಡದೆ "ಪಾರ್ಸೆಲ್ ಹತ್ತು ನಿಮಿಷ" ಎಂದು ಹೇಳಿ ಕಟ್ ಮಾಡುವುದು ನನ್ನ ಇಪ್ಪತ್ತು ವರ್ಷದ ಅಭ್ಯಾಸ. ಒಮ್ಮೆ ಉಡುಪಿಯಿಂದ ಮಾವನವರು ಫೋನು ಮಾಡಿದಾಗಲೂ ಹಾಗೆಯೇ ಹೇಳಿದ್ದೆ. ಮಗಳು ತನ್ನ ಜೀವನದ ದೊಡ್ಡ ಸುದ್ದಿಯನ್ನು ಮೊದಲು ನನಗೇ ಹೇಳಬೇಕೆಂದು ಮೂರು ಸಲ ಪ್ರಯತ್ನಿಸಿದ್ದಳು. ಮೂರು ಸಲವೂ ನಾನು ಅವಳಿಗೆ ಪಾರ್ಸೆಲ್ ಕೊಟ್ಟು ಕಳಿಸಿದ್ದೆ. ಮೇಲಿಂದ ಸುಳ್ಳಿ ಎಂದೂ ಕರೆದಿದ್ದೆ.

ಗಲ್ಲಾವನ್ನು ಹಳೆಯ ಸಪ್ಲಾಯರ್ ಕೈಗೆ ಕೊಟ್ಟು ಮನೆಗೆ ಹೋದೆ. ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ. ಮೊಬೈಲನ್ನು ಅವಳ ಮುಂದಿಟ್ಟು, "ತಪ್ಪು ನಂದೇ ಮಗಾ. ಕಟ್ ಮಾಡಿದ್ದು ನಾನು. ಅಷ್ಟು ಜನರ ಎದುರು ಬೈದದ್ದೂ ತಪ್ಪು," ಎಂದೆ. ಅಷ್ಟಕ್ಕೆ ನಿಲ್ಲಿಸಲಾಗದೆ ಜುಯಿನಗರದ ಕಥೆಯನ್ನೂ ಹೇಳಿಬಿಟ್ಟೆ.

ಅವಳ ತುಟಿಯ ತುದಿ ಅಲುಗಿತು. "ಇಂಡಿಕೇಟರ್ ನಹೀ ದೇಖಾ?"

"ಇಲ್ಲ."

ತಾಯಿ ಮಗಳು ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಮಗಳು ಮೆಲ್ಲಗೆ, "ಫಿರ್ ಕಲ್ ಸೇ ವ್ಯಾನ್?" ಎಂದು ಕೇಳಿದಳು. ಕಣ್ಣು ಇನ್ನೂ ಒದ್ದೆಯಾಗಿತ್ತು.

"ವ್ಯಾನಿಲ್ಲ. ಟ್ರೇನೇ. ಬೇಕಾದ್ರೆ ನನ್ನನ್ನೂ ಕರ್ಕೊಂಡು ಹೋಗು, ದಾರಿ ತೋರಿಸ್ಲಿಕ್ಕೆ."

ಮಾರನೆಯ ದಿನ ಐದು ಗಂಟೆಗೆ ಹೋಟೆಲಿನ ಮೊಬೈಲು ಹೊಡೆದುಕೊಂಡಿತು. ಎದುರಿಗೆ ಇಬ್ಬರು ಗಿರಾಕಿಗಳು ನಿಂತಿದ್ದರು. ಕಾಯಿರಿ ಎಂದು ಕೈ ಮಾಡಿ, ಫೋನನ್ನು ಕಿವಿಗೆ ಒತ್ತಿ ಹಿಡಿದು, ಬಾಯಿ ಮುಚ್ಚಿಕೊಂಡು ನಿಂತೆ. ಆಚೆಯಿಂದ ಅಚ್ಚ ಕನ್ನಡದಲ್ಲಿ, ಥೇಟ್ ನನ್ನದೇ ಗಂಟಲಿನಲ್ಲಿ ಮಗಳು ಹೇಳಿದಳು:

"ಪಾರ್ಸೆಲ್ ಹೊರಟಿದೆ. ಮುಕ್ಕಾಲು ಗಂಟೆ. ಬನ್ಸ್ ಬಿಸಿ ಇರ್ಲಿ."