ದಮ್ಮು ಹಿರೇರು, ಲಗ್ನ ನ್ಯುಮೋನಿಯಾದ್ದು

2006ರ ಮಾತು. ನಾ ಪುಣೆದಾಗ ಮೆಡಿಕಲ್ ಕೋಡಿಂಗ್ ಕಲಿಸ್ತಿದ್ದೆ. ಅಮೆರಿಕಾದ ಆಸ್ಪತ್ರಿ ಫೈಲ್ ಬರ್ತಾವ, ಒಂದೊಂದು ರೋಗಕ್ಕ ಒಂದೊಂದು ಕೋಡ್ ಹಾಕ್ಬೇಕು. ಹಾಕಿದ್ರ ಮುಗೀಲಿಲ್ಲ, ಸಾಲಾಗಿ ನಿಲ್ಲಿಸಬೇಕು. ಯಾವ ರೋಗಕ್ಕ ಅಡ್ಮಿಟ್ ಆದ್ರೋ ಅದು ಮೊದಲ. ಭಾಳ ಸರಳ ಅನ್ಕೊಂಡಿದ್ದೆ, ಬಸಣ್ಣ ಬರೂ ತನಕ.

ಬಸಣ್ಣ ಕಲಬುರಗಿ ಕಡಿಯವರು, ಬಿ.ಎಸ್ಸಿ., ನಲವತ್ತು ದಾಟಿತ್ತು. ಪುಣೆ ಬಾಜೂಕ ಪಿಂಪ್ರಿಯ ಒಂದು ಪ್ರೆಸ್ಸಿನಾಗ ವರ್ಷಾನುಗಟ್ಟಲೆ ಲಗ್ನಪತ್ರಿಕ್ಯಾಗ ಹಿರೇತನ ನೋಡಿ ಹೆಸರು ಜೋಡಿಸಿದ ಮನಷ್ಯಾ. ಕಾಕಾನ ಹೆಸರು ಮಾವನ ಕೆಳಗ ಹೋತು ಅಂತ ಬೀಗರು ಬಂದು ಕಾಲರ್ ಹಿಡದ್ರು, ಅವತ್ತೇ ಪ್ರೆಸ್ ಬಿಟ್ರು.

ಮಕ್ಕಳ ಉಸಿರಾಟದ ಫೈಲ್ ಕೊಟ್ಟೆ. ನಾಕು ವರ್ಷದ ಹುಡುಗಿ, ನ್ಯುಮೋನಿಯಾಕ್ಕ ಅಡ್ಮಿಟ್ ಆಗಿತ್ತು. ದಮ್ಮು, ಅಂದ್ರ ಅಸ್ತಮಾ, ಮೊದಲಿಂದ ಇತ್ತು. ಬಸಣ್ಣ ದಮ್ಮು ಮ್ಯಾಲ ಹಾಕಿದ್ರು, ನ್ಯುಮೋನಿಯಾ ಕೆಳಗ.

"ಯಾಕ್ರಿ ಹಿಂಗ?"

"ದಮ್ಮು ಹಿರೇರು ಅಲ್ರಿ ಮೇಡಂ? ಎರಡ್ ವರ್ಷದಿಂದ ಮನ್ಯಾಗ ಅದ. ನಿನ್ನೆ ಬಂದ ನ್ಯುಮೋನಿಯಾನ ಮ್ಯಾಲ ಕುಂಡ್ರಸಿದ್ರ ಹ್ಯಾಂಗ್ರಿ?"

ಕ್ಲಾಸೆಲ್ಲಾ ನಕ್ಕಿತು. ಆದ್ರ ಎಲ್ಲಾ ಫೈಲಿಗೂ ಇದೇ ಹಾಡು. ಶುಕ್ರವಾರ ಆಡಿಟ್, ಹಾಕಿದ ಕೋಡೆಲ್ಲಾ ತಪಾಸ ಮಾಡ್ತಾರ, ಫೇಲ್ ಆದ್ರ ಕೆಲಸ ಇಲ್ಲ. ಮತ್ತ ಪ್ರೆಸ್ಸೇ ಗತಿ ಅಂತ ಬಸಣ್ಣನ ಮಾರಿ ಸಣ್ಣದಾಗಿತ್ತು.

ಗುರುವಾರ ಬಸಣ್ಣನ್ನ ಕುಂಡ್ರಿಸಿ, ಅದೇ ಹುಡುಗಿ ಫೈಲ್ ಮುಂದಿಟ್ಟು ಕೇಳಿದೆ: "ಲಗ್ನಪತ್ರಿಕ್ಯಾಗ ದೊಡ್ಡ ಅಕ್ಷರದಾಗ ಯಾರ ಹೆಸರ್ರಿ? ಅಜ್ಜಂದೇನು?"

"ಛೇ, ಮದುಮಗಂದು."

"ಅಂವ ಮನ್ಯಾಗ ಸಣ್ಣಾಂವ ಅಲ್ಲೇನ್ರಿ?"

"ಇದ್ರೇನಾತು, ಲಗ್ನ ಅವಂದಲ್ರಿ!"

"ಹಂಗಾರ ಈ ಅಡ್ಮಿಷನ್ ಯಾರ ಲಗ್ನ?"

ಬಸಣ್ಣ ಹುಡುಗಿ ಫೈಲ್ ನೋಡಿದ್ರು, ನನ್ನ ನೋಡಿದ್ರು. "ನ್ಯುಮೋನಿಯಾದ್ದು! ಅಯ್ಯ ಮೇಡಂ, ಇಷ್ಟ ದಿನ ಅಜ್ಜನ್ನ ಹಸೆಮಣಿ ಮ್ಯಾಲ ಕುಂಡ್ರಸ್ತಿದ್ನೇನ್ರಿ ನಾ!"

ಶುಕ್ರವಾರ ಎಲ್ಲಾ ಬರೋಬ್ಬರ್ ಹಾಕಿದ್ರು. ಕಡೀ ಫೈಲಿಗೆ ಬಂದು ನಿಂತ್ರು. ನ್ಯುಮೋನಿಯಾ, ದಮ್ಮಿನ ಅಟ್ಯಾಕ್, ಎರಡೂ ಒಮ್ಮೆಗೇ ಬಂದಾವ, ಎರಡಕ್ಕೂ ಒಂದೇ ಸಮ ಚಿಕಿತ್ಸಾ. ಆಡಿಟರ್ ಮೇಡಂಗ ಮರಾಠಿಯಾಗ ಕೇಳೇಬಿಟ್ರು, "ಎರಡೂ ಸಮ ಅದಾವ್ರಿ. ಯಾವ್ದನ್ನ ಮೊದಲ ಹಾಕಿದ್ರೂ ನಡೀತದೇನು?"

"ನಡೀತದ. ರೂಲೇ ಹಂಗದ."

"ಕೆಳಗ ಹೋದದ್ದು ಸಿಟ್ಟಾಗೂದಿಲ್ಲೇನ್ರಿ?"

ಆಡಿಟರ್ ಮೇಡಂ ನನ್ನ ಕಡಿ ನೋಡಿದ್ರು. ನಾ ಫ್ಯಾನ್ ನೋಡಿದೆ. ಬಸಣ್ಣ ಪಾಸ್.

ಈ ಕೆಲಸ ನನಗ ಕಲಿಸಿದ್ದು ಇಷ್ಟ: ತಪ್ಪು ಮಾಡೋರ ತಲ್ಯಾಗ ರೂಲ್ ಇರೂದಿಲ್ಲ ಅಂತಲ್ಲ, ಬ್ಯಾರೆ ರೂಲ್ ಇರ್ತದ. ಅದಕ್ಕ ಈಗ ಯಾರಿಗೇ ಕಲಿಸಲಿ, ಮೊದಲ ಕೇಳ್ತೀನಿ, "ಹಿಂದ ಏನ್ ಕೆಲಸ ಮಾಡ್ತಿದ್ರಿ?" ಅದನ್ನ ಕೇಳಲಾರದ ಒದರಿದ್ರ ನಮ್ಮ ಗಂಟಲೇ ಕೆಡ್ತದ.