ಕಾಲು ತಾಗಿದರೆ ಕೈ ಬಿಡಬೇಕೆ?

ಮಗುಚಿದ ಹಾಯಿದೋಣಿಯನ್ನು ನೆಟ್ಟಗೆ ಮಾಡುವುದು ಅಂಥ ಕಷ್ಟವಲ್ಲ. ಹಗ್ಗ ಹಿಡಿದು ಇಬ್ಬರೂ ಹಿಂದಕ್ಕೆ ಜೋತುಬಿದ್ದರೆ ಸಾಕು. ಅದಕ್ಕೆ ಬೇಕಾದ ತೂಕ ನಮ್ಮ ಸಂಸಾರದಲ್ಲಿ ಧಾರಾಳವಾಗಿದೆ. ಕಷ್ಟವೆಲ್ಲ ಆಮೇಲೆ, ನೀರಿನಿಂದ ಮತ್ತೆ ಅದನ್ನು ಹತ್ತುವುದರಲ್ಲಿ.

ನಾನಿರುವುದು ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ, ಹೆಂಡತಿ ಶಾರದೆ ಸೂರತ್ತಿನ ಕತಾರ್‌ಗಾಮ್‌ನಲ್ಲಿ. ಜಗಳವೇನಿಲ್ಲ, ಬ್ಯಾಂಕಿನ ವರ್ಗಾವಣೆ. ಭಾನುವಾರ ಇಬ್ಬರೂ ರೈಲು ಹತ್ತಿ ನಡುವಿನ ವಡೋದರಾದಲ್ಲಿ ಸೇರುತ್ತೇವೆ. ನೋಡುವ ಮಾಲ್‌ಗಳೆಲ್ಲ ಮುಗಿದ ಮೇಲೆ ಊರಾಚೆಯ ಕೆರೆಯಲ್ಲಿ ಕೆಟಮರಾನ್ ಎಂಬ ಹಾಯಿದೋಣಿ ನಡೆಸಲು ಕಲಿಯಹೊರಟೆವು. ಎರಡು ಸಪೂರ ದೋಣಿಗಳು, ನಡುವೆ ಬಿಗಿದ ಬಲೆ. ನಮಗೆ ಹೇಳಿ ಮಾಡಿಸಿದ ವಾಹನ. ಮಗುಚಿದ ಮೇಲೆ ನೀವೇ ಹತ್ತಿ ತೋರಿಸಿದರೆ ಇಬ್ಬರನ್ನೇ ಬಿಡುತ್ತೇನೆ, ಇಲ್ಲವಾದರೆ ನಾನೂ ಜೊತೆಗೆ ಕೂರುತ್ತೇನೆ ಎಂದರು ತರಬೇತಿಯ ಗುರುಗಳು. ವಾರಕ್ಕೊಮ್ಮೆ ಸಿಗುವ ಹೆಂಡತಿ ಮತ್ತು ನನ್ನ ನಡುವೆ ಅವರನ್ನು ಕೂರಿಸಿಕೊಳ್ಳಲು ನನಗೆ ಸುತರಾಂ ಇಷ್ಟವಿರಲಿಲ್ಲ.

ದೋಣಿಯನ್ನು ಬೇಕೆಂದೇ ಮಗುಚಿ, ನೆಟ್ಟಗೂ ಮಾಡಿದ್ದಾಯಿತು. ಈಗ ಶಾರದೆ ಬಲೆಯ ಅಂಚು ಹಿಡಿದು ಏರಬೇಕು, ನಾನು ಕೆಳಗಿನಿಂದ ನೂಕಬೇಕು. ಅರ್ಧ ಏರಿದ್ದಳು, ಕಾಲು ನನ್ನ ಹೆಗಲಿಗೆ ತಾಗಿತು.

"ಅಯ್ಯ, ಕಾಲ್ ಬಡೀತ್ರೀ!" ಎಂದು ಆ ಧಾರವಾಡದ ಜೀವ ಕೈ ಬಿಟ್ಟು ನನ್ನನ್ನು ಮುಟ್ಟಲು ಬಾಗಿತು. ನೀರಿಗೆ ಬಿತ್ತು. ಬಿದ್ದ ಮೇಲೂ ನನ್ನ ಹೆಗಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವಳಲ್ಲ.

ಪುಸ್ತಕಕ್ಕಾಗಲಿ, ಚೆಲ್ಲಿದ ಅಕ್ಕಿಗಾಗಲಿ, ಬಸ್ಸಿನ ಅಪರಿಚಿತನಿಗಾಗಲಿ ಕಾಲು ತಾಗಿದರೆ ನಮ್ಮ ಕೈ ತಾನಾಗಿ ಕಣ್ಣಿಗೆ ಹೋಗುತ್ತದೆ. ಈ ಪದ್ಧತಿ ಮಾಡಿದವರು ನೆಲದ ಮೇಲೆ ನಿಂತಿದ್ದರೆಂಬುದು ನನ್ನ ಸಂಶೋಧನೆ.

ಎರಡನೆಯ ಸಲ ಕಾಲು ಎದೆಗೆ ತಾಗಿತು. ಮತ್ತೆ ಅದೇ ಕಥೆ. "ಶಾರದಾಬೆನ್, ಹಾಥ್ ಮತ್ ಛೋಡಿಯೇ!" ಕೈ ಬಿಡಬೇಡಿ ಎಂದು ಹಿಂದಿಯಲ್ಲಿ ಕೂಗುತ್ತ ಗುರುಗಳು ತಮ್ಮ ಮೋಟಾರು ದೋಣಿಯನ್ನು ನಮ್ಮತ್ತ ತಿರುಗಿಸಿದರು. ಎಲ್ಲಿ ಬಂದು ನಡುವೆ ಕೂರುತ್ತಾರೋ ಎಂದು ನನಗೆ ಗಾಬರಿಯಾಯಿತು.

"ಈಗ ಬೇಡ ಕಣೇ, ಮೇಲೆ ಹತ್ತಿ ಎಲ್ಲ ಒಟ್ಟಿಗೆ ಮಾಡು."

"ಹಂಗಾರ ಎಷ್ಟಾದ್ವು ನೆನಪಿಡ್ರಿ," ಎಂದು ನನ್ನ ಹೆಗಲನ್ನೇ ಮೆಟ್ಟಿ ಹತ್ತಿದಳು. ಮೇಲಿನಿಂದ ನನ್ನ ಕೈ ಹಿಡಿದು ಎಳೆದಳು. ತೆವಳುವಾಗ ನನ್ನ ಕಾಲು ಅವಳ ಮೊಣಕಾಲಿಗೆ ತಾಗಿತು. ನನ್ನ ಕೈಯೂ ಬಿಡಿಸಿಕೊಳ್ಳಲು ಹೊರಟಿತು. ಅವಳು ಬಿಡಲಿಲ್ಲ.

"ಮೊದ್ಲ ಹತ್ರೀ!"

ಹತ್ತಿದೆ. ಮೋಟಾರು ದೋಣಿ ಹಿಂದಿರುಗಿತು. ಗುರುಗಳ ಮಾತು ಮೀರಬಾರದೆಂದು ದಡ ಸೇರುವವರೆಗೂ ನಾವು ಕೈ ಬಿಡಲಿಲ್ಲ. ಹಾಯಿಯನ್ನು ಯಾರು ಹಿಡಿದಿದ್ದರೋ, ನನಗೆ ನೆನಪಿಲ್ಲ.